ಟಿಆರ್-2 ಲೋಷನ್ ಡಬ್ಬಿಗೆ ತುಂಬುವಷ್ಟರಲ್ಲೇ ತೆಳುವಾಗುತ್ತಿದೆ, ಯಾರಾದರೂ ಸಹಾಯ ಮಾಡಿ

ವಾಘೋಲಿ_ಲೋಷನ್:
ತಲೆ ಕೆಟ್ಟುಹೋಗಿದೆ. ಪೆಮುಲೆನ್ ಟಿಆರ್-2 (ಎಣ್ಣೆ-ನೀರು ಹಿಡಿದಿಟ್ಟು ಗಟ್ಟಿ ಮಾಡುವ ಪಾಲಿಮರ್ ಪುಡಿ) 0.3%, ಕೊಬ್ಬರಿ ಎಣ್ಣೆ 15%, ಉಳಿದದ್ದೆಲ್ಲ ಮಾಮೂಲಿ. ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 6ಕ್ಕೆ ತಂದಾಗ ಗಟ್ಟಿ ಮೊಸರಿನ ಹಾಗಿತ್ತು. ಡಬ್ಬಿಗೆ ತುಂಬುವ ಹೊತ್ತಿಗೆ ಸುರಿಯುವಷ್ಟು ತೆಳು. ಬೆಳಿಗ್ಗೆ ನೋಡಿದರೆ ಅಂಚಿನ ಸುತ್ತ ಎಣ್ಣೆಯ ಉಂಗುರ, ಕೆಳಗೆ ನೀರು. ಪ್ರತಿ ಬ್ಯಾಚೂ ಹೀಗೇ. ಪಾಲಿಮರ್ ಅಗ್ಗದ್ದೇನಲ್ಲ, ಹೊಟ್ಟೆ ಉರಿಯುತ್ತೆ.

ಮಾಟುಂಗಾ_ಮಿಕ್ಸರ್:
ಕಾಸ್ಟಿಕ್ ಹಾಕಿದ ಮೇಲೆ ಬ್ಲೆಂಡರ್ ಓಡಿಸಿದ್ದೀರಿ ಅಲ್ವಾ? ಊದಿಕೊಂಡ ಪಾಲಿಮರ್‌ಗೆ ಜೋರು ಶಿಯರ್ (ಕಡೆಯುವಾಗ ಎಳೆದು ಹರಿಯುವ ಬಲ) ಕೊಟ್ಟರೆ ಅದರ ಬಲೆ ಹರಿಯುತ್ತೆ. ಮತ್ತೆ ಗಟ್ಟಿಯಾಗಲ್ಲ.

ವಾಘೋಲಿ_ಲೋಷನ್:
ಇಲ್ಲ. ಬ್ಲೆಂಡರ್ ಎಣ್ಣೆ ಹಾಕುವಾಗ ಮಾತ್ರ. ಆಮೇಲೆ ಸ್ಪ್ಯಾಚುಲಾದಲ್ಲಿ ಕೈಯಿಂದಲೇ.

ಮಾಟುಂಗಾ_ಮಿಕ್ಸರ್:
ಕೈಯಿಂದ ಅಂದರೂ ಎಷ್ಟು ಹೊತ್ತು? ನನಗೆ ಶಿಯರ್ ಅಂತಲೇ ಅನ್ನಿಸುತ್ತೆ.

ಪೋಂಡಾ_ಸೋಪ್:
ಎಚ್‌ಎಲ್‌ಬಿ ಲೆಕ್ಕ ಹಾಕಿದ್ದೀರಾ? ಎಣ್ಣೆ-ನೀರು ಬೆರೆಸುವ ವಸ್ತು ನೀರಿಗೆ ಎಷ್ಟು, ಎಣ್ಣೆಗೆ ಎಷ್ಟು ಒಲಿಯುತ್ತೆ ಅನ್ನುವ ಅಂಕಿ ಅದು. ಕೊಬ್ಬರಿ ಎಣ್ಣೆಗೆ 8 ಬೇಕು. ಅಂಥ ವಸ್ತುಗಳಲ್ಲಿ ಟ್ವೀನ್ 80 ಅಂದರೆ 15, ಸ್ಪ್ಯಾನ್ 80 ಅಂದರೆ 4.3. ಟ್ವೀನ್ 35 ಪಾಲು, ಸ್ಪ್ಯಾನ್ 65 ಪಾಲು ಬೆರೆಸಿದರೆ ಹೆಚ್ಚೂಕಮ್ಮಿ 8 ಬರುತ್ತೆ.

ಭೋಸರಿ_ಪಾಲಿಮರ್:
ಪೋಂಡಾ ಅವರೇ, ಆ ಲೆಕ್ಕ ಇಲ್ಲಿ ನಡೆಯಲ್ಲ. ಗ್ರಿಫಿನ್ 1949ರಲ್ಲಿ ಅದನ್ನು ಕೊಟ್ಟಿದ್ದು ಅಯಾನಿಕ್ ಅಲ್ಲದ, ಅಂದರೆ ಚಾರ್ಜ್ ಇಲ್ಲದ ಸಣ್ಣ ಅಣುಗಳಿಗೆ. ಟಿಆರ್-2 ಕೆಲಸ ಮಾಡುವ ರೀತಿಯೇ ಬೇರೆ. ಅದರ ಬಹುಪಾಲು ಅಕ್ರಿಲಿಕ್ ಆಮ್ಲದ ಉದ್ದ ಸರಪಳಿ, ಅದಕ್ಕೆ ಅಲ್ಲಲ್ಲಿ ಎಣ್ಣೆ ಇಷ್ಟಪಡುವ ಸಣ್ಣ ಬಾಲಗಳು. ಬಾಲ ಎಣ್ಣೆಯ ಹನಿಗೆ ಅಂಟುತ್ತೆ. ಕಾಸ್ಟಿಕ್ ಬಿದ್ದಾಗ ಸರಪಳಿಗೆ ಋಣ ಚಾರ್ಜ್ ಬಂದು ಒಂದನ್ನೊಂದು ದೂಡಿ ಊದಿಕೊಳ್ಳುತ್ತೆ. ಹನಿಗಳನ್ನು ಹಿಡಿದಿಡುವುದು ಆ ಜೆಲ್. 0.3%ರಲ್ಲಿ 15% ಎಣ್ಣೆ ನಿಲ್ಲುವುದು ಅದರಿಂದಲೇ.
ವಾಘೋಲಿ, "ಮಾಮೂಲಿ" ಅಂದರೆ ಏನೇನು? ಪೂರ್ತಿ ಪಟ್ಟಿ ಹಾಕಿ. ನೀರು ಯಾವುದು?

ಡೊಂಬಿವಲಿ_ಪೇಂಟ್:
ನಮ್ಮದು ಪೇಂಟ್, ಆದರೂ ಪಾಲಿಮರ್ ಕಥೆ ಒಂದೇ. ಟೈಟಾನಿಯಂ ಡೈಆಕ್ಸೈಡ್‌ಗೆ ಬಾಚಣಿಗೆ ಮಾದರಿಯ ಡಿಸ್ಪರ್ಸೆಂಟ್ (ಪುಡಿ ಗಂಟುಕಟ್ಟದಂತೆ ಹರಡಿಡುವ ಪಾಲಿಮರ್) ಬಳಸುತ್ತೇನೆ. ಹೋದ ತಿಂಗಳು ಹೈಸ್ಪೀಡ್ ಡಿಸ್ಪರ್ಸರ್ ತಂದೆ, ವೇಗ ಬದಲಿಸುವ ಡ್ರೈವ್ ಸಮೇತ. ಏನು ಓಡುತ್ತೆ ಅಂತೀರಿ!

ಮಾಟುಂಗಾ_ಮಿಕ್ಸರ್:
ಬ್ಲೇಡ್ ಎಷ್ಟು ಇಂಚು? ನಂದು ರೋಟರ್-ಸ್ಟೇಟರ್, ಲೋಷನ್‌ಗೆ ಅದೇ ಬೆಸ್ಟ್.

ವಾಘೋಲಿ_ಲೋಷನ್:
ದಯವಿಟ್ಟು ನನ್ನ ಸಮಸ್ಯೆಗೆ ಬನ್ನಿ. ಗ್ಲಿಸರಿನ್ 3%, ಕೆಡದಿರಲು ಫಿನಾಕ್ಸಿಎಥನಾಲ್ 0.8%. ಕೊನೆಯಲ್ಲಿ ಸೋಡಿಯಂ ಲ್ಯಾಕ್ಟೇಟ್ 3%, ಚರ್ಮ ಮೃದುವಾಗಲಿ ಅಂತ. ನೀರು ಸೊಸೈಟಿಗೆ ಬರುವ ಟ್ಯಾಂಕರ್‌ದು, ಕುದಿಸಿಯೇ ಹಾಕುತ್ತೇನೆ. ನೀರಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ 640 ತೋರಿಸುತ್ತೆ.

ಭೋಸರಿ_ಪಾಲಿಮರ್:
ಸಿಕ್ಕಿತು ನೋಡಿ. ಸೋಡಿಯಂ ಲ್ಯಾಕ್ಟೇಟ್ ಉಪ್ಪು. ಅದರ ಸೋಡಿಯಂ ಸರಪಳಿಯ ಚಾರ್ಜನ್ನು ಮುಚ್ಚಿಬಿಡುತ್ತೆ, ದೂಡುವ ಬಲ ಹೋಗಿ ಜೆಲ್ ಕುಗ್ಗುತ್ತೆ. ಟ್ಯಾಂಕರ್ ನೀರಿನ ಕ್ಯಾಲ್ಸಿಯಂ ಇನ್ನೂ ಕೆಟ್ಟದ್ದು, ಅದಕ್ಕೆ ಎರಡು ಚಾರ್ಜ್. ಕುದಿಸಿದರೆ ಗಡಸುತನ ಪೂರ್ತಿ ಹೋಗಲ್ಲ. ಈ ಪಾಲಿಮರ್ ಉಪ್ಪಿಗೆ ಒಡೆಯುವುದು ದೋಷ ಅಲ್ಲ. ಮೈಗೆ ಹಚ್ಚಿದಾಗ ಚರ್ಮದ ಮೇಲಿನ ಉಪ್ಪು ತಗುಲಿ ಎಣ್ಣೆ ಬೇಗ ಬಿಡುವುದು ಅದಕ್ಕೇ. ನಿಮಗೆ ಅದು ಡಬ್ಬಿಯೊಳಗೇ ಆಗುತ್ತಿದೆ.
ಲ್ಯಾಕ್ಟೇಟ್ ಹಾಕುವ ಮುಂಚಿನ ಲೋಷನ್ ಎರಡು ಚಮಚ ಗಾಜಿನ ಮೇಲೆ ಇಡಿ. ಒಂದಕ್ಕೆ ಅಡುಗೆ ಉಪ್ಪು ಚಿಟಿಕೆ, ಇನ್ನೊಂದಕ್ಕೆ ಗ್ಲಿಸರಿನ್ ಹನಿ. ನಿಧಾನ ಕಲಸಿ ನೋಡಿ.

ಪೋಂಡಾ_ಸೋಪ್:
ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತೆ. ಪುಣೆಯ ಚಳಿ ರಾತ್ರಿ ಅಂದರೆ ಹನಿಯೊಳಗೆ ಹರಳು ಕಟ್ಟಿ ಪಕ್ಕದ ಹನಿಗೆ ಚುಚ್ಚುತ್ತೆ. ಗೋವಾದಲ್ಲಿ ಅಷ್ಟು ಚಳಿ ಇಲ್ಲ, ನನಗೆ ಹೀಗೆ ಆಗಿಲ್ಲ.

ಭೋಸರಿ_ಪಾಲಿಮರ್:
ಆಗಬಹುದು, ಒಪ್ಪುತ್ತೇನೆ. ಆದರೆ ತೆಳುವಾಗಿದ್ದು ಡಬ್ಬಿಗೆ ತುಂಬುವಾಗ, ರಾತ್ರಿ ಅಲ್ಲ.

ಡೊಂಬಿವಲಿ_ಪೇಂಟ್:
ನೀರಿಗೆ ಬ್ಯಾಟರಿ ಅಂಗಡಿಯ ಡಿಎಂ ವಾಟರ್ (ಖನಿಜ ಲವಣ ತೆಗೆದ ನೀರು) ತನ್ನಿ. ಪರೀಕ್ಷೆಗೆ ಸಾಕು, ಮೈಗೆ ಹಚ್ಚುವ ಬ್ಯಾಚ್‌ಗೆ ಬೇಡ.

ವಾಘೋಲಿ_ಲೋಷನ್:
ಉಪ್ಪಿನ ಚಮಚ ಹರಿದು ಗಾಜಿನ ಅಂಚಿಗೆ ಬಂತು. ಗ್ಲಿಸರಿನ್‌ದು ನಿಂತೇ ಇದೆ. ಲ್ಯಾಕ್ಟೇಟ್ ಬಿಟ್ಟು, ಡಿಎಂ ನೀರಲ್ಲಿ ಅರ್ಧ ಬ್ಯಾಚ್ ಶುರು ಮಾಡಿದ್ದೇನೆ. ಟ್ಯಾಂಕರ್ ನೀರೇ ಬಳಸಬೇಕಾದರೆ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಎಷ್ಟು ಹಾಕಲಿ? ಅದೂ ಉಪ್ಪೇ ಅಲ್ವಾ?

ಮಾಟುಂಗಾ_ಮಿಕ್ಸರ್:
ಆದರೂ ಸ್ಪ್ಯಾಚುಲಾ ಎಷ್ಟು ಹೊತ್ತು ಆಡಿಸಿದಿರಿ ಅಂತ ಹೇಳಲೇ ಇಲ್ಲ.