ಆಸ್ಪತ್ರೆ ಫಾರ್ಮಸಿಗೆ ಹೊಸದಾಗಿ ಸೇರಿದೀನಿ, ಯಾವುದರಿಂದ ಕಲಿಯೋಕೆ ಶುರು ಮಾಡ್ಲಿ?

ದಾವಣಗೆರೆ_ಫಾರ್ಮ
ಎಲ್ರಿಗೂ ನಮಸ್ಕಾರ. ಬಿ.ಫಾರ್ಮ್ ಮುಗಿಸಿ ಈಗಷ್ಟೇ ಒಂದು ದೊಡ್ಡ ಆಸ್ಪತ್ರೆಯ ಐಪಿ (ಒಳರೋಗಿಗಳ) ಫಾರ್ಮಸಿಗೆ ಸೇರಿದೀನಿ. ವಾರ್ಡಿಂದ ಇಂಡೆಂಟ್ (ಬೇಕಾದ ಔಷಧಿಗಳ ಪಟ್ಟಿ) ಬರುತ್ತೆ, ರ‍್ಯಾಕಿಂದ ತೆಗಿತೀವಿ, ಬಿಲ್ ಹಾಕಿ ಕಳಿಸ್ತೀವಿ, ಅಷ್ಟರಲ್ಲಿ ಇನ್ನೊಂದು ಇಂಡೆಂಟ್. ನಾಲ್ಕು ವರ್ಷ ಫಾರ್ಮಕಾಲಜಿ ಅದೂ ಇದೂ ಓದಿದ್ದು ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತಾನೇ ತಿಳೀತಿಲ್ಲ. ಮೇಲೆ ಐಸಿಯುನಲ್ಲಿ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಮಾಡಿರೋ ಮೇಡಂ ಒಬ್ರು ಡಾಕ್ಟರ್ ಜೊತೆ ರೌಂಡ್ಸ್ ಹೋಗ್ತಾರೆ, ಕೇಸ್ ಶೀಟ್ ನೋಡ್ತಾರೆ, ಅವರು ಹೇಳಿದ್ರೆ ಡೋಸ್ ಬದಲಾಗುತ್ತೆ. ಅವರದು ಕ್ಲಿನಿಕಲ್ (ರೋಗಿ ಚಿಕಿತ್ಸೆಗೆ ಸೇರಿದ ಕೆಲಸ), ನಮ್ದು ಬರೀ ಸ್ಟೋರು ಅಂತ ಇಲ್ಲಿ ಎಲ್ರೂ ಅಂದ್ಕೊಂಡಿದಾರೆ. ಕೌಂಟರ್ ಒಳಗೆ ಇದ್ಕೊಂಡೇ ಏನು ಕಲಿಬಹುದು, ಮೊದಲು ಯಾವುದನ್ನ ಗಟ್ಟಿ ಮಾಡ್ಕೋಬೇಕು? ಅನುಭವ ಇರೋರು ಬರೀರಿ.

ಸ್ಟೋರ್_ಇನ್‌ಚಾರ್ಜ್
ಬರೀ ಸ್ಟೋರು ಅನ್ನೋ ಮಾತನ್ನ ಮೊದಲು ತಲೆಯಿಂದ ತೆಗೀರಿ. ರೋಗಿ ಜೀವಕ್ಕೆ ಕುತ್ತು ತರೋ ಎಷ್ಟೋ ತಪ್ಪುಗಳು ಹುಟ್ಟೋದೇ ರ‍್ಯಾಕಲ್ಲಿ, ತಡೆಯೋಕೆ ಸುಲಭ ಆಗೋದೂ ಅಲ್ಲೇ.

ಪೊಟ್ಯಾಶಿಯಂ ಕ್ಲೋರೈಡ್ ತಗೊಳ್ಳಿ. 15% ಇರೋ 10 ಎಂಎಲ್ ಆಂಪೂಲ್‌ನಲ್ಲಿ ಸುಮಾರು 20 ಮಿಲಿ ಈಕ್ವಿವಲೆಂಟ್ (ಲವಣ ಅಳೆಯೋ ಮಾನ) ಪೊಟ್ಯಾಶಿಯಂ ಇರುತ್ತೆ, ಅದನ್ನ ಡೈಲ್ಯೂಟ್ ಮಾಡ್ದೆ ನೇರವಾಗಿ ರಕ್ತನಾಳಕ್ಕೆ ಕೊಟ್ರೆ ಹೃದಯ ನಿಂತು ಹೋಗುತ್ತೆ. ಡಿಸ್ಟಿಲ್ಡ್ ವಾಟರ್ ಆಂಪೂಲೂ ಅದೇ ಸೈಜು, ರಾತ್ರಿ ಡ್ಯೂಟಿಲಿ ಅವಸರದಲ್ಲಿ ಎರಡೂ ಒಂದೇ ತರ ಕಾಣ್ಸುತ್ತೆ. ಅದಕ್ಕೇ ಇದನ್ನ ಸಾಮಾನ್ಯ ವಾರ್ಡ್‌ಗಳಲ್ಲಿ ಸ್ಟಾಕ್ ಇಡಬಾರ್ದು, ಫಾರ್ಮಸಿಲೂ ಬೇರೆ ಬಾಕ್ಸು, ಕೆಂಪು ಲೇಬಲ್, ಕೊಡುವಾಗ ಇಬ್ರು ಚೆಕ್ ಮಾಡ್ಬೇಕು. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡೋದು), ಇನ್ಸುಲಿನ್ನಿಗೂ ಇದೇ ಎಚ್ಚರ.

ಇನ್ಸುಲಿನ್ನಲ್ಲಿ ನಮ್ಮ ದೇಶದಲ್ಲಿ ಒಂದು ತೊಂದರೆ ಇದೆ. ಇಲ್ಲಿ ವಯಲ್ (ಔಷಧಿ ಸೀಸೆ) ಒಂದು ಎಂಎಲ್‌ಗೆ 40 ಯೂನಿಟ್‌ದೂ ಸಿಗುತ್ತೆ, 100 ಯೂನಿಟ್‌ದೂ ಸಿಗುತ್ತೆ, ಸಿರಿಂಜೂ ಎರಡು ತರ, ಕೆಂಪು ಕ್ಯಾಪಿಂದು 40ಕ್ಕೆ, ಆರೆಂಜ್ ಕ್ಯಾಪಿಂದು 100ಕ್ಕೆ. 100ರ ವಯಲ್‌ಗೆ ಕೆಂಪು ಕ್ಯಾಪಿನ ಸಿರಿಂಜ್ ಕೊಟ್ಟು ಕಳಿಸಿದ್ರೆ ಪೇಷಂಟಿಗೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತೆ. ವಯಲ್ಲೂ ಸಿರಿಂಜೂ ಹೊಂದುತ್ತಾ ಅಂತ ಕೌಂಟರಲ್ಲಿ ನೋಡೋದು ಕ್ಲಿನಿಕಲ್ ಕೆಲಸ ಅಲ್ದೆ ಇನ್ನೇನು ಹೇಳಿ.

ಉಳಿದಂತೆ ಮೊದಲು ಎಕ್ಸ್‌ಪೈರಿ ಆಗೋದು ಮೊದಲು ಹೊರಗೆ ಹೋಗ್ಬೇಕು, ಫ್ರಿಜ್ 2ರಿಂದ 8 ಡಿಗ್ರಿ ಒಳಗಿರ್ಬೇಕು, ಇನ್ಸುಲಿನ್ ಹೆಪ್ಪುಗಟ್ಟಿದ್ರೆ ಕರಗಿಸಿ ಕೊಡೋ ಹಾಗೇ ಇಲ್ಲ. ಇವೆಲ್ಲ ದಿನಾ ಮಾಡ್ತಾ ಬರುತ್ತೆ.

ವಾರ್ಡ್_ಫಾರ್ಮಸಿಸ್ಟ್_ಮೈಸೂರು
ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಫಾರ್ಮ್.ಡಿ, ವಾರ್ಡಲ್ಲೇ ಕೆಲಸ. ನಮ್ಮಲ್ಲಿ ಫಾರ್ಮ್.ಡಿ ಕೋರ್ಸ್ ಬಂದಿದ್ದು 2008ರಲ್ಲಿ, ಆದ್ರೆ ವಾರ್ಡಿಗೆ ಹೋಗಿ ಕೆಲಸ ಮಾಡೋ ಫಾರ್ಮಸಿ ಪ್ರಾಕ್ಟೀಸ್ ಎಂ.ಫಾರ್ಮ್ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಲ್ಲಿ 90ರ ದಶಕದಲ್ಲೇ ಶುರುವಾಗಿತ್ತು.

ನಿಮಗೆ ನಾನು ಹೇಳೋದು ಒಂದೇ, ಇಂಡೆಂಟ್ ನೋಡುವಾಗ ಔಷಧಿ ಹೆಸರಷ್ಟೇ ನೋಡ್ಬೇಡಿ, ಯಾರಿಗೆ ಅಂತ ನೋಡಿ. ವಯಸ್ಸು, ತೂಕ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆ) ಈ ಮೂರು ಸಿಕ್ರೆ ಅರ್ಧ ಕೆಲಸ ಆಯ್ತು. 78 ವರ್ಷದ ಅಜ್ಜಿ, ತೂಕ 42 ಕೆಜಿ, ಕ್ರಿಯಾಟಿನಿನ್ 1.2 ಅಂದ್ಕೊಳ್ಳಿ. ರಿಪೋರ್ಟ್ ನೋಡಿದ್ರೆ ಅಂಥಾ ಜಾಸ್ತಿ ಏನಿಲ್ಲ ಅನ್ಸುತ್ತೆ. ಕಾಕ್‌ಕ್ರಾಫ್ಟ್-ಗಾಲ್ಟ್ ಲೆಕ್ಕ ಹಾಕಿ, 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಿ, ಅದನ್ನ 72 ಮತ್ತು ಕ್ರಿಯಾಟಿನಿನ್ ಗುಣಿಸಿದಾಗ ಬರೋ ಸಂಖ್ಯೆಯಿಂದ ಭಾಗಿಸಿ, ಹೆಂಗಸ್ರಾದ್ರೆ 0.85ರಿಂದ ಗುಣಿಸ್ಬೇಕು. ಕ್ಲಿಯರೆನ್ಸ್, ಅಂದ್ರೆ ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಅಳತೆ, ನಿಮಿಷಕ್ಕೆ 26 ಎಂಎಲ್ ಹತ್ರ ಬರುತ್ತೆ. 30ಕ್ಕಿಂತ ಕಮ್ಮಿ! ಆ ಅಜ್ಜಿಗೆ ಎನಾಕ್ಸಪ್ಯಾರಿನ್ (ಇದೂ ರಕ್ತ ಹೆಪ್ಪುಗಟ್ಟದಂತೆ ಕೊಡೋದು) ಟ್ರೀಟ್‌ಮೆಂಟ್ ಡೋಸ್ ದಿನಕ್ಕೆ ಎರಡು ಸಲ ಅಂತ ಬರೆದಿದ್ರೆ ಒಂದೇ ಸಲ ಆಗ್ಬೇಕು, ಇಲ್ಲಾಂದ್ರೆ ರಕ್ತಸ್ರಾವ ಆಗೋ ಅಪಾಯ ಜಾಸ್ತಿ. ಇದು ಕೌಂಟರಲ್ಲಿ ಕೂತೇ ಹಿಡಿಯೋ ವಿಷಯ.

ಇನ್ನೊಂದು, ಅಡ್ಮಿಟ್ ಆಗುವಾಗ ಮನೆಯಿಂದ ತಂದಿರೋ ಮಾತ್ರೆ ಕವರ್ ಬಿಚ್ಚಿಸಿ ನೋಡೋದು. ಎರಡು ಬೇರೆ ಬ್ರ್ಯಾಂಡ್, ಎರಡರಲ್ಲೂ ಬಿಪಿ ಔಷಧಿ ಆಮ್ಲೊಡಿಪಿನ್ನೇ ಇರುತ್ತೆ, ಪಾಪ ಎರಡನ್ನೂ ನುಂಗ್ತಾ ಇರ್ತಾರೆ. ಮೆಥೋಟ್ರೆಕ್ಸೇಟ್ ಕಂಡ್ರೆ ಮಾತ್ರ ಏನೇ ಕೆಲಸ ಇದ್ರೂ ನಿಲ್ಲಿಸಿ ಕೇಳಿ, ಕೀಲುವಾತಕ್ಕೆ ಅದನ್ನ ಕೊಡೋದು ವಾರಕ್ಕೊಂದು ದಿನ, ದಿನಾ ತಗೊಂಡ್ರೆ ಪ್ರಾಣಕ್ಕೇ ಸಂಚಕಾರ. ವಾರದ ಯಾವ ದಿನ ತಗೋಬೇಕು ಅಂತ ಕವರ್ ಮೇಲೆ ಬರೆದು ಕೊಡಿ.

ಹುಬ್ಬಳ್ಳಿ_ಸಿಸ್ಟರ್
ನಾ ಸ್ಟಾಫ್ ನರ್ಸ್ ಅದೀನ್ರಿ, ನಮ್ ಕಡಿಂದ ಒಂದ್ ಮಾತು. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟಿಗೆ ಹಾಕೋ ನಳಿಗಿ) ಇರೋ ಪೇಷಂಟಿಗೆ ಮಾತ್ರಿ ಕುಟ್ಟಿ ಹಾಕೂದು ನಾವು, ಆದ್ರ ಯಾವುದನ್ನ ಕುಟ್ಟಬಾರ್ದು ಅಂತ ಹೇಳಾಕ ನೀವ ಬೇಕು. ಮೆಟೊಪ್ರೊಲಾಲ್ ಎಕ್ಸ್‌ಎಲ್ (ದಿನವಿಡೀ ನಿಧಾನಕ್ಕ ಬಿಡುಗಡೆ ಆಗೋ ಬಿಪಿ ಮಾತ್ರಿ) ಕುಟ್ಟಿದ್ರ ಇಡೀ ದಿನದ ಔಷಧಿ ಒಮ್ಮೆಗೇ ಮೈಗೆ ಹತ್ತಿ ಪಲ್ಸ್, ಬಿಪಿ ಇಳೀತಾವ. ಪ್ಯಾಂಟೊಪ್ರಜೋಲ್ (ಆ್ಯಸಿಡಿಟಿ ಮಾತ್ರಿ) ಕುಟ್ಟಿದ್ರ ಹೊಟ್ಟಿ ಆ್ಯಸಿಡ್ಡಿಗೇ ಹಾಳಾಗ್ತದ. ಫೆನಿಟಾಯಿನ್ (ಫಿಟ್ಸ್ ಔಷಧಿ) ಇಂಜೆಕ್ಷನ್ ಕಳಿಸುವಾಗ ಜೊತಿಗೆ ನಾರ್ಮಲ್ ಸಲೈನ್ ಕಳಿಸ್ರಿ, ಡೆಕ್ಸ್‌ಟ್ರೋಸಿನ್ಯಾಗ ಹಾಕಿದ್ರ ಹರಳುಗಟ್ತದ. ಪ್ಯಾಕೆಟ್ ಮ್ಯಾಲ ‘ಕುಟ್ಟಬ್ಯಾಡ್ರಿ’ ಅಂತ ಒಂದ್ ಸ್ಟಿಕರ್ ಹಚ್ಚಿದ್ರೂ ನಮಗ ಭಾಳ ದೊಡ್ಡ ಉಪಕಾರ ಆಗ್ತದ.

ದಾವಣಗೆರೆ_ಫಾರ್ಮ
ಎಲ್ರಿಗೂ ತುಂಬಾ ಥ್ಯಾಂಕ್ಸ್, ಸಿಸ್ಟರ್ ಹೇಳಿದ ಸ್ಟಿಕರ್ ವಿಷಯ ನಾಳೆನೇ ಇನ್‌ಚಾರ್ಜ್ ಹತ್ರ ಮಾತಾಡ್ತೀನಿ. ಒಂದು ಡೌಟು, ಡೋಸ್ ಜಾಸ್ತಿ ಇದೆ ಅನ್ಸಿದ್ರೆ ಡಾಕ್ಟರಿಗೆ ಹೇಗೆ ಹೇಳೋದು? ಹೊಸಬ, ಬೈತಾರೇನೋ ಅಂತ ಭಯ.

ವಾರ್ಡ್_ಫಾರ್ಮಸಿಸ್ಟ್_ಮೈಸೂರು
ತಪ್ಪಾಗಿದೆ ಅಂತ ಶುರು ಮಾಡ್ಬೇಡಿ, ನಂಬರ್ ಹೇಳಿ. ‘ಸರ್, ಬೆಡ್ 12ರ ಅಜ್ಜಿ ಕ್ಲಿಯರೆನ್ಸ್ 26 ಬರ್ತಿದೆ, ಎನಾಕ್ಸಪ್ಯಾರಿನ್ ದಿನಕ್ಕೊಂದು ಸಲ ಮಾಡೋಣ್ವಾ’ ಅಂತ ಕೇಳಿದ್ರೆ ಹೆಚ್ಚಿನೋರು ಚಾರ್ಟ್ ತೆಗೆದು ನೋಡೇ ನೋಡ್ತಾರೆ. ಅವರು ಬೇಡ ಅಂದ್ರೆ ಕಾರಣ ಕೇಳಿ ಬರ್ಕೊಳ್ಳಿ, ಕೆಲವು ಸಲ ನಮಗೆ ಕಾಣದ ಕಾರಣ ಇರುತ್ತೆ. ಆದ್ರೆ ಅಪಾಯ ಅಂತ ಖಾತ್ರಿ ಇದ್ರೆ ಔಷಧಿ ಕಳಿಸೋದು ತಡೆದು ಸೀನಿಯರ್‌ಗೆ ಹೇಳಿ, ಅಲ್ಲಿ ಮುಲಾಜು ಬೇಡ. ಹಾಗೇ ಯಾವುದಾದ್ರೂ ಔಷಧಿಯಿಂದ ಅಲರ್ಜಿನೋ ಬೇರೆ ತೊಂದರೆನೋ ಆಗಿದೆ ಅಂತ ಅನುಮಾನ ಬಂದ್ರೂ ಸಾಕು, ಎಡಿಆರ್ (ಔಷಧಿ ಅಡ್ಡಪರಿಣಾಮ ವರದಿ) ಫಾರ್ಮ್ ತುಂಬಿ, ಸಾಬೀತು ಮಾಡೋ ಜವಾಬ್ದಾರಿ ನಿಮ್ಮದಲ್ಲ. ಫಾರ್ಮ್ ಸಿಗದಿದ್ರೆ ಫಾರ್ಮಕೋವಿಜಿಲೆನ್ಸ್ (ಔಷಧಿ ಅಡ್ಡಪರಿಣಾಮಗಳ ಮೇಲೆ ಕಣ್ಣಿಡೋ ವ್ಯವಸ್ಥೆ) ಸಹಾಯವಾಣಿ 1800-180-3024ಕ್ಕೆ ಫೋನ್ ಮಾಡಿ, ಪೇಷಂಟ್ ಕಡೆಯವರೂ ಮಾಡಬಹುದು.

ಸ್ಟೋರ್_ಇನ್‌ಚಾರ್ಜ್
ಮೇಡಂ, ಮೆಥೋಟ್ರೆಕ್ಸೇಟ್ ಕವರ್ ಮೇಲೆ ‘ವಾರಕ್ಕೊಮ್ಮೆ’ ಅಂತಷ್ಟೇ ಬರೆದ್ರೆ ಸಾಲಲ್ಲ, ‘ಸೋಮವಾರ ಮಾತ್ರ’ ಅಂತ ದಿನದ ಹೆಸರೇ ಬರೀಬೇಕು. ಓದೋಕೆ ಬರದೋರಾದ್ರೆ ಜೊತೆಗೆ ಬಂದವರ ಬಾಯಲ್ಲಿ ವಾಪಸ್ ಹೇಳಿಸಿ ಆಮೇಲೆ ಕೊಡಿ.