ಎಡಗಡೆ ಎತ್ತು ಸೋಮಾರಿ

ಮೊದಲು ಅನುಮಾನ ಪಟ್ಟಿದ್ದು ನನ್ನ ಹೆಂಡತಿ. ಆದರೆ ಕಾರಿನ ಮೇಲಲ್ಲ, ನನ್ನ ಮೇಲೆ.

ನಾಲ್ಕೂ ಟೈರ್ ಹೊಸದು ಹಾಕಿಸಿಕೊಂಡು ಬಂದ ಮಾರನೇ ದಿನ. ಹಾಸನದ ಬಿ.ಎಂ. ರಸ್ತೆಯಲ್ಲಿ ಹೋಗುತ್ತಿದ್ದೆವು. ಬೇಕರಿ ಹತ್ತಿರ ಬರುತ್ತಿದ್ದ ಹಾಗೆ ಕಾರು ಮೆಲ್ಲಗೆ ಎಡಕ್ಕೆ ಸರಿಯಿತು.

"ರೀ, ಶುಗರ್ ಎಷ್ಟಿದೆ ಅಂತ ನೆನಪಿದೆಯಾ?"

"ನಾನು ತಿರುಗಿಸಿಲ್ಲ ಕಣೇ. ಅದೇ ಹೋಗ್ತಿದೆ."

"ಹೂಂ. ಹೋದ ವಾರ ಆ ಪಫ್ಸ್ ಕೂಡ ಅದೇ ಬಾಯೊಳಗೆ ಹೋಗಿತ್ತು."

ನಿಜಕ್ಕೂ ಕಾರೇ ಹೋಗುತ್ತಿತ್ತು. ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಹಟ್ಟಿಗೆ ಹೊರಟ ಹಸುವಿನ ಹಾಗೆ ಎಡಕ್ಕೆ ನಡೆಯುತ್ತಿತ್ತು. ಟೈರ್ ಅಂಗಡಿಗೆ ವಾಪಸ್ ಹೋದೆ. ಅಂಗಡಿಯವರು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. "ಹೊಸ ಚಪ್ಪಲಿ ನಾಲ್ಕು ದಿನ ಕಚ್ಚಲ್ವಾ ಸಾರ್? ಓಡಿಸಿ, ಸರಿಹೋಗುತ್ತೆ" ಅಂದರು. ಓಡಿಸಿದೆ. ಹದಿನೈದು ದಿನ ಕಚ್ಚುತ್ತಲೇ ಇತ್ತು. ಮತ್ತೆ ಹೋದರೆ ಚಕ್ರಗಳ ಕೋನ ಸರಿ ಮಾಡುವ ವೀಲ್ ಅಲೈನ್‌ಮೆಂಟ್ ಮಾಡಿದರು. ಬಣ್ಣದ ಚೀಟಿ ಕೊಟ್ಟರು, ಎಲ್ಲಾ ಹಸಿರು, ಅಂದರೆ ಎಲ್ಲಾ ಸರಿ. ಹಸಿರು ಚೀಟಿ ಜೇಬಿನಲ್ಲಿಟ್ಟುಕೊಂಡು ಎಡಕ್ಕೆ ಎಳೆಯುವ ಕಾರಿನಲ್ಲೇ ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಹೋಟೆಲ್ಲಿನ ಮೂಲೆ ಟೇಬಲ್ಲು ನಮ್ಮದು. ರಿಟೈರಾದ ಸೈನ್ಸ್ ಮೇಷ್ಟ್ರು, ಬ್ಯಾಂಕಿನ ಮಂಜ, ಸ್ಕೂಲ್ ವ್ಯಾನ್ ಓಡಿಸುವ ಶೀನ, ಶಾಂತಿಗ್ರಾಮದ ಕಡೆಯಿಂದ ಬರುವ ಗೌಡರು, ಮತ್ತೆ ನಾನು. ವಿಷಯ ಹೇಳಿದ್ದೇ ತಪ್ಪಾಯಿತು. ಇಡ್ಲಿ ಬರುವುದರೊಳಗೆ ನಾಲ್ಕು ಕಾಯಿಲೆ ಪತ್ತೆಯಾಗಿತ್ತು.

"ಬ್ರೇಕ್ ಜಾಮ್" ಅಂದ ಶೀನ. ಅವನಿಗೆ ಎಲ್ಲಾ ಬ್ರೇಕ್ ಜಾಮೇ. ಮೈಲೇಜ್ ಬರದಿದ್ದರೂ ಬ್ರೇಕ್ ಜಾಮ್, ಎ.ಸಿ. ತಣ್ಣಗಾಗದಿದ್ದರೂ ಬ್ರೇಕ್ ಜಾಮ್.

"ಬ್ಯಾಲೆನ್ಸಿಂಗ್ ಮಾಡಿಸಿಲ್ಲ ನೀನು" ಅಂದ ಮಂಜ. ಬ್ಯಾಂಕಿನವನಿಗೆ ಬ್ಯಾಲೆನ್ಸ್ ಬಿಟ್ಟು ಬೇರೇನು ತೋಚೀತು?

"ಬ್ಯಾಲೆನ್ಸ್ ಕೆಟ್ಟರೆ ಗಾಡಿ ನಡುಗುತ್ತೆ ಕಣಯ್ಯ, ಎಳೆಯಲ್ಲ" ಅಂದರು ಮೇಷ್ಟ್ರು. "ಎಂಬತ್ತರ ಸ್ಪೀಡಿನ ಆಸುಪಾಸಿನಲ್ಲಿ ಸ್ಟೇರಿಂಗ್ ಗಡಗಡ ಅಂದರೆ ಅದು ಬ್ಯಾಲೆನ್ಸು. ಒಂದೇ ಕಡೆ ಹೋದರೆ ಬೇರೆ ರೋಗ. ಜ್ವರಕ್ಕೂ ಬೇಧಿಗೂ ಒಂದೇ ಮಾತ್ರೆ ಕೊಡ್ತೀಯಾ?"

"ಮೇಷ್ಟ್ರೇ, ಇಡ್ಲಿ ಬರ್ತಿದೆ" ಅಂದ ಶೀನ.

ಗೌಡರು ಮಾತ್ರ ಸುಮ್ಮನಿದ್ದರು. ಅವರು ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಯಾರ ಪರವೂ ವೋಟ್ ಹಾಕುವುದಿಲ್ಲ.

ಮೇಷ್ಟ್ರು ಶುರು ಮಾಡಿದರು. "ಮೊದಲು ರಸ್ತೆ ವಿಚಾರ ತಗೋ. ಮಳೆ ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ನಡುವೆ ಎತ್ತರ ಮಾಡಿ ಅಂಚಿಗೆ ಇಳಿಜಾರು ಕೊಟ್ಟಿರ್ತಾರೆ. ನಾವು ಎಡಗಡೆ ಓಡಿಸೋರು. ಅದಕ್ಕೆ ನಮ್ಮ ದೇಶದಲ್ಲಿ ಸರಿಯಾಗಿರೋ ಕಾರು ಕೂಡ ಸ್ವಲ್ಪ ಎಡಕ್ಕೆ ಜಾರುತ್ತೆ. ಅಮೆರಿಕದಲ್ಲಿ ಬಲಕ್ಕೆ ಜಾರುತ್ತೆ."

ಮಂಜನ ಕಣ್ಣು ಹೊಳೆಯಿತು. "ಹಾಗಾದ್ರೆ ಇವನ ಕಾರು ಅಮೆರಿಕಕ್ಕೆ ಕಳಿಸಿ ಮೇಷ್ಟ್ರೇ. ಕಾರು ಎಡಕ್ಕೆ, ರಸ್ತೆ ಬಲಕ್ಕೆ. ಡೆಬಿಟ್ಟು ಕ್ರೆಡಿಟ್ಟು ಟ್ಯಾಲಿ ಆಯ್ತು."

"ಹಡಗಿನ ಬಾಡಿಗೆಗೆ ನಿನ್ನ ಬ್ಯಾಂಕು ಲೋನ್ ಕೊಡುತ್ತಾ?"

"ಗಾಡಿ ಸೀದಾ ಓಡ್ತಿದ್ರೆ ಕೊಡ್ತೀವಿ."

ಕಾಫಿ ಮುಗಿಸಿ ಎಲ್ಲರೂ ಕಾರು ಹತ್ತಿದೆವು. ರಸ್ತೆಯ ತಪ್ಪೋ ಕಾರಿನ ತಪ್ಪೋ ನೋಡಲು ಸಮತಟ್ಟಾದ ಜಾಗ ಬೇಕು. ಎ.ಪಿ.ಎಂ.ಸಿ. ಯಾರ್ಡಿನ ಕಾಂಕ್ರೀಟು ರಸ್ತೆಗೆ ಹೋದೆವು. ವ್ಯಾಪಾರ ಇರಲಿಲ್ಲ, ಎರಡು ನಾಯಿ, ಒಂದು ಖಾಲಿ ಲಾರಿ, ಅಷ್ಟೇ. ಒಂದು ಸಲ ಹೀಗೆ ಓಡಿಸಿ, ಅದೇ ಜಾಗದಲ್ಲಿ ವಾಪಸ್ ಹಾಗೆ ಓಡಿಸು ಅಂದರು ಮೇಷ್ಟ್ರು. ಇಳಿಜಾರಿನ ಕಾರಣಕ್ಕೆ ಎಳೆಯುತ್ತಿದ್ದರೆ ವಾಪಸ್ ಬರುವಾಗ ಇನ್ನೊಂದು ಕಡೆಗೆ ಎಳೆಯಬೇಕು. ಹೋಗುವಾಗ ಎಡಕ್ಕೆ ಎಳೆಯಿತು. ಬರುವಾಗಲೂ ಎಡಕ್ಕೇ. ರಸ್ತೆ ನಿರಪರಾಧಿ ಎಂದು ತೀರ್ಮಾನವಾಯಿತು. ನಾಯಿಗಳು ಎದ್ದು ಬೇರೆ ಕಡೆ ಹೋಗಿ ಮಲಗಿದವು.

"ಬ್ರೇಕ್ ಹಾಕಿದಾಗ ಮಾತ್ರ ಎಳೆಯುತ್ತಾ, ಸುಮ್ನೆ ಹೋಗ್ತಿದ್ರೂ ಎಳೆಯುತ್ತಾ?" ಅಂದ ಶೀನ. ಸೋಲು ಒಪ್ಪುವವನಲ್ಲ.

"ಸುಮ್ನೆ ಹೋಗ್ತಿದ್ರೂ."

"ಹಾಗಾದ್ರೆ ಒಂದು ಚಕ್ರ ಹಿಡ್ಕೊಂಡಿದೆ. ಬಿಸಿ ಆಗಿರುತ್ತೆ. ಮುಟ್ಟಿ ನೋಡಿ."

ಇದು ಒಳ್ಳೆಯ ಪರೀಕ್ಷೆಯೇ. ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿದ್ದರೆ ಆ ಕಡೆಯ ಚಕ್ರ ಇನ್ನೊಂದಕ್ಕಿಂತ ಚೆನ್ನಾಗಿ ಕಾಯುತ್ತದೆ, ಗಾಡಿಯೂ ಅದೇ ಕಡೆಗೆ ಎಳೆಯುತ್ತದೆ. ಜೋರಾಗಿ ಬ್ರೇಕ್ ಒತ್ತದೆ ಊರ ಹೊರಗೆ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿದೆವು. ನಾಲ್ಕು ಜನ ಗಂಡಸರು ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮಗುವಿನ ಹಣೆ ಮುಟ್ಟುವ ಹಾಗೆ ಕೈಯ ಹಿಂಭಾಗವನ್ನು ಚಕ್ರದ ಹತ್ತಿರ ಹಿಡಿದೆವು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ನಿಲ್ಲಿಸಿ, "ಏನ್ ಪೂಜೆ ಸಾರ್?" ಎಂದು ಕೇಳಿ ಹೋದ. ಎರಡೂ ಕಡೆ ಒಂದೇ ಶಾಖ. ಶೀನನ ಮುಖ ಮಾತ್ರ ತಣ್ಣಗಾಯಿತು.

ಬಂಕಿಗೆ ಹೋದೆವು, ಗಾಳಿ ನೋಡೋಣ ಅಂತ. ನನ್ನನ್ನು ಕೇಳಿದರೆ ಮೊದಲೇ ನೋಡಬೇಕಾಗಿದ್ದು ಇದನ್ನೇ. ಒಂದು ಕಡೆ ಗಾಳಿ ಕಡಿಮೆ ಇದ್ದರೆ ಆ ಕಡೆಗೆ ಎಳೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ. ಟೈರ್ ತಣ್ಣಗಿರುವಾಗ ನೋಡಬೇಕು ಅನ್ನುವುದು ನಿಯಮ, ನಾವು ಆಗಲೇ ಊರೆಲ್ಲ ಸುತ್ತಿ ಆಗಿತ್ತು. ಎರಡು ಕಡೆಯನ್ನು ಹೋಲಿಸುವುದಕ್ಕೆ ಅಷ್ಟು ಸಾಕು ಅಂದುಕೊಂಡೆವು. ಗಾಳಿ ಹಾಕುವ ಹುಡುಗ ಕೇಳಿದ, "ಎಷ್ಟು ಸಾರ್?"

"ಎಲ್ಲರೂ ಎಷ್ಟು ಹಾಕಿಸ್ತಾರೆ?" ಅಂದ ಮಂಜ.

"ಥೂ" ಅಂದರು ಮೇಷ್ಟ್ರು. ಡ್ರೈವರ್ ಬಾಗಿಲು ತೆರೆದು, ಬಾಗಿಲ ಪಕ್ಕದ ಕಾರಿನ ಕಂಬಕ್ಕೆ ಅಂಟಿಸಿದ್ದ ಚೀಟಿ ತೋರಿಸಿದರು. ಹತ್ತು ವರ್ಷದಿಂದ ಅದೇ ಬಾಗಿಲು ತೆಗೆದು ಮುಚ್ಚಿದ್ದೇನೆ, ಆ ಚೀಟಿ ಓದಿರಲಿಲ್ಲ. ಮುಂದೆ ಎಷ್ಟು, ಹಿಂದೆ ಎಷ್ಟು, ತುಂಬಾ ಜನ ಕೂತರೆ ಎಷ್ಟು, ಎಲ್ಲಾ ಬರೆದಿತ್ತು. ಅಳತೆ ನೋಡಿದರೆ ಬಲಗಡೆ ಮುಂದಿನದು 32, ಎಡಗಡೆಯದು 26.

"ಸಿಕ್ಕಿಬಿದ್ದ ಕಳ್ಳ!" ಎಂದು ಮಂಜ ಚಪ್ಪಾಳೆ ತಟ್ಟಿದ. ಎರಡನ್ನೂ ಸಮ ಮಾಡಿಸಿ ಓಡಿಸಿದೆ. ಎಳೆತ ಅರ್ಧ ಆಯಿತು. ಪೂರ್ತಿ ಹೋಗಲಿಲ್ಲ. ಒಬ್ಬ ಕಳ್ಳ ಸಿಕ್ಕಿದ, ಜೊತೆಗಾರ ಇನ್ನೂ ಒಳಗೇ ಇದ್ದ.

ಇಲ್ಲಿಗೆ ಎರಡನೇ ಕಾಫಿ. ಅದೇ ಹೋಟೆಲ್ಲು, ಅದೇ ಟೇಬಲ್ಲು. ಮೇಷ್ಟ್ರು ನನ್ನ ಹಸಿರು ಚೀಟಿ ಕೇಳಿ ಇಸಿದುಕೊಂಡರು. ಕನ್ನಡಕ ಏರಿಸಿ ಓದಿದರು.

"ಮೂರು ಕೋನ ಇದೆ. ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೆ ವಾಲಿದೆಯೋ ಹೊರಕ್ಕೆ ವಾಲಿದೆಯೋ ಅಂತ. ಕ್ಯಾಸ್ಟರ್, ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿ ಇರುತ್ತಲ್ಲ, ಅದು. ಅದರಿಂದಲೇ ಕೈ ಬಿಟ್ಟು ಸೈಕಲ್ ಓಡಿಸೋಕೆ ಅನುಕೂಲ. ಇವೆರಡು ಎಡಕ್ಕೂ ಬಲಕ್ಕೂ ಜಾಸ್ತಿ ವ್ಯತ್ಯಾಸ ಆದರೆ ಗಾಡಿ ಎಳೆಯುತ್ತೆ. ಮೂರನೇದು ಟೋ. ನಡೆಯುವಾಗ ನಮ್ಮ ಮಂಜನ ಪಾದ ಒಳಕ್ಕೆ ತಿರುಗಿರುತ್ತಲ್ಲ, ಹಾಗೆ. ಟೋ ಕೆಟ್ಟರೆ ಸ್ಟೇರಿಂಗ್ ಸೊಟ್ಟ ನಿಲ್ಲುತ್ತೆ, ಟೈರ್ ಬೇಗ ಸವೆಯುತ್ತೆ. ಸಾಮಾನ್ಯವಾಗಿ ಎಳೆಯೋದಿಲ್ಲ. ತಮಾಷೆ ಏನು ಅಂದ್ರೆ, ನಿನ್ನದರಂಥ ಸಣ್ಣ ಕಾರಲ್ಲಿ ಅಲೈನ್‌ಮೆಂಟ್‌ನವನು ತಿರುಗಿಸೋದು ಹೆಚ್ಚಾಗಿ ಈ ಟೋ ಒಂದನ್ನೇ."

"ಅಂದ್ರೆ ಎಳೆಯದೇ ಇರೋದನ್ನ ಸರಿ ಮಾಡಿ ದುಡ್ಡು ಇಸ್ಕೊಂಡ?"

"ಉಳಿದ ಎರಡೂ ಸರಿಯಾಗೇ ಇದೆ ಅಂತ ಚೀಟಿ ಹೇಳ್ತಿದೆ. ಇನ್ನು ಉಳಿದಿದ್ದು ಟೈರು."

"ಹೊಸ ಟೈರು ಮೇಷ್ಟ್ರೇ!"

"ಹೊಸದು ಅಂದ್ರೆ ಗುಂಡಗಿದೆ ಅಂತಲಾ?" ಎಂದು ಮೇಷ್ಟ್ರು ಕಾಫಿ ಕುಡಿದ ಖಾಲಿ ಸ್ಟೀಲ್ ಲೋಟ ತೆಗೆದುಕೊಂಡರು. ಬಾಯಿ ಅಗಲ, ತಳ ಕಿರಿದು. ಟೇಬಲ್ಲಿನ ಮೇಲೆ ಅಡ್ಡ ಮಲಗಿಸಿ ಬೆರಳಲ್ಲಿ ಮೆಲ್ಲಗೆ ತಳ್ಳಿದರು. ಲೋಟ ಸೀದಾ ಹೋಗಲಿಲ್ಲ. ತಳದ ಕಡೆಗೆ ಬಾಗಿ, ಚಂದ್ರಾಕಾರವಾಗಿ ತಿರುಗಿ, ಚಟ್ನಿ ಬಟ್ಟಲಿಗೆ ಡಿಕ್ಕಿ ಹೊಡೆಯಿತು. ಚಟ್ನಿ ಮಂಜನ ಮಡಿಲಿಗೆ ಬಿತ್ತು.

"ನೋಡಿದ್ಯಾ? ಟೈರಿನ ಒಳಗಿನ ಪಟ್ಟಿ ಕೂರಿಸುವಾಗ ಕೂದಲೆಳೆಯಷ್ಟು ಆ ಕಡೆ ಈ ಕಡೆ ಆದರೂ ಸಾಕು, ಒಂದು ಪಕ್ಕ ದಪ್ಪ, ಒಂದು ಪಕ್ಕ ಸಣ್ಣ. ಕಣ್ಣಿಗೆ ಕಾಣಲ್ಲ. ಆದರೆ ಉರುಳುವಾಗ ಈ ಲೋಟದ ಹಾಗೆ ಒಂದು ಕಡೆ ತಿರುಗೋಕೆ ನೋಡುತ್ತೆ."

"ಲೋಟದ ತಪ್ಪಿಗೆ ನನ್ನ ಪ್ಯಾಂಟ್ ಯಾಕೆ ಮೇಷ್ಟ್ರೇ" ಎಂದು ಮಂಜ ಒರೆಸಿಕೊಳ್ಳುತ್ತಿದ್ದ.

ಆಗ ಗೌಡರು ಬಾಯಿ ಬಿಟ್ಟರು. ಎರಡನೇ ಕಾಫಿ ಮುಗಿದಿತ್ತು.

"ಬೆಳಿಗ್ಗೆಯಿಂದ ಇದೇನಾ ನೋಡ್ತಿದ್ದಿದ್ದು? ನಮ್ಮ ಗಾಡಿ ಎಡಕ್ಕೆ ಎಳೆದರೆ ಎಡಗಡೆ ಎತ್ತು ಸೋಮಾರಿ ಅಂತ ಅನುಮಾನ. ಎತ್ತಿನ ತಪ್ಪೋ ಗಾಡಿ ತಪ್ಪೋ ತಿಳೀಬೇಕು ಅಂದ್ರೆ, ಎಡಗಡೆದನ್ನ ಬಲಕ್ಕೆ ಕಟ್ಟು, ಬಲಗಡೆದನ್ನ ಎಡಕ್ಕೆ ಕಟ್ಟು. ಈಗ ಬಲಕ್ಕೆ ಎಳೆದರೆ ಎತ್ತಿನ ತಪ್ಪು. ಆಗಲೂ ಎಡಕ್ಕೇ ಎಳೆದರೆ ಗಾಡಿ ನೋಡ್ಕೋ. ಇಷ್ಟಕ್ಕೆ ಲೋಟ ಯಾಕೆ ಉರುಳಿಸಬೇಕು?"

ಟೇಬಲ್ಲಿನಲ್ಲಿ ಒಂದು ಕ್ಷಣ ಮೌನ. ಮೇಷ್ಟ್ರು ಲೋಟ ನೆಟ್ಟಗೆ ನಿಲ್ಲಿಸಿದರು. "ಅದೇ ನಾನೂ ಹೇಳೋಕೆ ಹೊರಟಿದ್ದು" ಅಂದರು. ಹೊರಟಿರಲಿಲ್ಲ. ಅವರು ಮುಂದಿನ ವಾರದ ತನಕ ಕ್ಯಾಸ್ಟರಿನಲ್ಲೇ ಇರುತ್ತಿದ್ದರು.

"ಎಡಕ್ಕೆ ಪಳಗಿದ ಎತ್ತನ್ನ ಬಲಕ್ಕೆ ಕಟ್ಟಿದ್ರೆ ನಡೆಯುತ್ತಾ ಗೌಡ್ರೇ?" ಎಂದು ಶೀನ ಕೊಕ್ಕೆ ಹಾಕಿದ.

"ಕೆಲವು ನಡೆಯಲ್ಲ. ನೊಗ ಒದ್ದು ಮಲಗಿಬಿಡುತ್ತೆ."

ಟೈರಿನಲ್ಲೂ ಆ ಜಾತಿ ಇದೆ. ಕೆಲವದರ ಪಕ್ಕೆಯಲ್ಲಿ ಬಾಣದ ಗುರುತು ಇರುತ್ತದೆ, ಇದೇ ದಿಕ್ಕಿಗೆ ಉರುಳಬೇಕು ಅಂತ. ಅಂಥದ್ದನ್ನು ರಿಮ್ಮಿನಿಂದ ಬಿಚ್ಚದೆ ಎಡದ್ದು ಬಲಕ್ಕೆ ಹಾಕುವ ಹಾಗಿಲ್ಲ. ಎದ್ದು ಹೋಗಿ ನೋಡಿದೆವು. ನಮ್ಮದರಲ್ಲಿ ಬಾಣ ಇರಲಿಲ್ಲ. ಆದರೆ ಮೇಷ್ಟ್ರ ಕಣ್ಣಿಗೆ ಇನ್ನೊಂದು ಬಿತ್ತು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಯ ಮುದ್ರೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಮೂರು ಟೈರಿನಲ್ಲಿ 2324. ಅಂದರೆ 2024ರ 23ನೇ ವಾರ ತಯಾರಾದದ್ದು. ಎಡಗಡೆ ಮುಂದಿನದರಲ್ಲಿ ಮಾತ್ರ 0624.

"ಇದೇ!" ಅಂದೆವು ಎಲ್ಲರೂ. ನಾಲ್ಕು ತಿಂಗಳು ಮೊದಲೇ ಹುಟ್ಟಿದೆ, ಉಳಿದ ಮೂರರ ಜೊತೆ ಹೊಂದಿಕೊಳ್ಳುತ್ತಿಲ್ಲ, ಎಡಗಡೆಯೇ ಬೇರೆ ಇದೆ, ಗಾಳಿಯೂ ಇದರಲ್ಲೇ ಕಡಿಮೆ ಇತ್ತು. ಇನ್ನೇನು ಸಾಕ್ಷಿ ಬೇಕು? ಮಂಜ ಅದಕ್ಕೆ ಒಂದು ಒದೆ ಕೂಡ ಕೊಟ್ಟ. ಚಟ್ನಿಯ ಸೇಡು.

ಶೀನ ವ್ಯಾನಿನಿಂದ ಎರಡು ಜಾಕ್ ತಂದ. ಸಮತಟ್ಟಾದ ಜಾಗ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಎರಡನ್ನು ಅದಲುಬದಲು ಮಾಡಿದೆವು. ಓಡಿಸಿದೆ. ಕಾರು ಬಲಕ್ಕೆ ಎಳೆಯಿತು.

ಒಳಗೆ ಕೂತಿದ್ದ ಐದೂ ಜನ ಹೋ ಎಂದು ಕೂಗಿದೆವು. ಕಾರು ಕೆಟ್ಟಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ಬಿ.ಎಂ. ರಸ್ತೆ ನೋಡಿರಲಿಕ್ಕಿಲ್ಲ. ಎತ್ತಿನ ತಪ್ಪೇ! ಈಗ ಎರಡರಲ್ಲಿ ಯಾವುದು ಅನ್ನುವುದಷ್ಟೇ ಬಾಕಿ.

"0624 ಅಂತ ಗೊತ್ತೇ ಇದೆಯಲ್ಲ, ಹಿಂದಕ್ಕೆ ಹಾಕು" ಅಂದ ಮಂಜ. ಅದು ಈಗ ಬಲಗಡೆ ಇತ್ತು. ಬಿಚ್ಚಿ ಹಿಂದಕ್ಕೆ ಹಾಕಿ, ಹಿಂದಿನದನ್ನು ಮುಂದಕ್ಕೆ ತಂದೆವು. ಓಡಿಸಿದರೆ ಆಗಲೂ ಬಲಕ್ಕೇ ಎಳೆಯುತ್ತಿದೆ. ಮತ್ತೆ ಜಾಕ್. ಈ ಸಲ ಎಡಗಡೆ ಮುಂದಿನದು, ಅಂದರೆ ಅದಲುಬದಲಿಗೆ ಮೊದಲು ಬಲಗಡೆ ಇದ್ದದ್ದು, ಹಿಂದಕ್ಕೆ. ಓಡಿಸಿದೆ. ಕೈ ಸಡಿಲ ಮಾಡಿದೆ. ಕಾರು ದಾರ ಎಳೆದ ಹಾಗೆ ಸೀದಾ ಹೋಯಿತು.

ಅಂದರೆ ತಪ್ಪಿತಸ್ಥ ಇದ್ದದ್ದು ಮೊದಲಿಂದಲೂ ಬಲಗಡೆ. ಒಳ್ಳೇ ಮನೆತನದ 2324. ಬಲಗಡೆ ಕೂತು ಗಾಡಿಯನ್ನು ಎಡಕ್ಕೆ ತಳ್ಳುತ್ತಿತ್ತು, ಬೈಗುಳ ಎಡಗಡೆಯವನಿಗೆ. ಮಂಜ ಇಳಿದು ಹೋಗಿ 0624ರ ಮೇಲಿದ್ದ ತನ್ನ ಬೂಟಿನ ಗುರುತನ್ನು ಕರ್ಚೀಫಿನಲ್ಲಿ ಒರೆಸಿದ.

"ಎಡಗಡೆ ಎತ್ತು ಸೋಮಾರಿ ಅಂದ್ರಲ್ಲ ಗೌಡ್ರೇ?"

"ಅನುಮಾನ ಅಂದೆ. ನೀವು ಕೇಳಿಸ್ಕೊಂಡಿದ್ದು ಅಷ್ಟೇ."

ಹಿಂದಕ್ಕೆ ಹೋದ ಮೇಲೆ ಆ ಟೈರಿನ ಎಳೆತ ಸ್ಟೇರಿಂಗಿಗೆ ಗೊತ್ತಾಗುತ್ತಿಲ್ಲ. ಆದರೂ ಹೊಸದಕ್ಕೆ ಪೂರ್ತಿ ದುಡ್ಡು ಕೊಟ್ಟು ಸೊಟ್ಟಗಿರುವುದನ್ನು ಯಾಕೆ ಇಟ್ಟುಕೊಳ್ಳಬೇಕು? ಸೋಮವಾರ ಬಿಲ್ಲು ಹಿಡಿದುಕೊಂಡು ಅಂಗಡಿಗೆ ಹೋದೆ. ಮಾಡಿದ ಅದಲುಬದಲನ್ನೆಲ್ಲ ಬಿಡಿಸಿ ಹೇಳಿದೆ. ಚಪ್ಪಲಿ ಮಾತು ಈ ಸಲ ಬರಲಿಲ್ಲ. ಅವರೇ ಒಂದು ಸಲ ಓಡಿಸಿ ನೋಡಿ, ಆ ಟೈರ್ ಬಿಚ್ಚಿಟ್ಟುಕೊಂಡು ಬೇರೆ ಹಾಕಿಕೊಟ್ಟರು.

ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಕಾರು ಹೇಗೆ ನೆಟ್ಟಗೆ ಹೋಗುತ್ತದೆ ಎಂದು ದಾರಿಯುದ್ದಕ್ಕೂ ವಿವರಿಸಿದೆ. ಕ್ಯಾಂಬರ್ ಕೂಡ ಹೇಳಿದೆ. ಬೇಕರಿ ಬಂತು. ಎಡಗಡೆ ಇಂಡಿಕೇಟರ್ ಟಿಕ್ ಟಿಕ್ ಅನ್ನತೊಡಗಿತು.

"ಟೈರ್ ಸರಿಯಾಯ್ತು ಅಂದ್ರಿ?"

"ಟೈರ್ ಸರಿಯಾಗೇ ಇದೆ ಕಣೇ. ಇಲ್ಲಿ ರಸ್ತೆ ಎಡಕ್ಕೆ ಇಳಿಜಾರು."