ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಮಾಡಿ ಮಾಡಿ ಬ್ಯಾಟರಿ ಹೋಯ್ತಾ? ಬೆಳಗ್ಗೆ ಸೆಲ್ಫ್ ಎಳೀತಿಲ್ಲ

ಕುವೆಂಪುನಗರ_ಡ್ರೈವರ್:
ಎಲ್ರಿಗೂ ನಮಸ್ಕಾರ. ಗಾಡಿ 2017ರ 1.2 ಪೆಟ್ರೋಲ್, ಮ್ಯಾನ್ಯುಯಲ್, ಆಟೋ ಸ್ಟಾರ್ಟ್-ಸ್ಟಾಪ್ (ಗಾಡಿ ನಿಂತಾಗ ಇಂಜಿನ್ ತಾನೇ ಆಫ್ ಆಗಿ ಆಮೇಲೆ ತಾನೇ ಸ್ಟಾರ್ಟ್ ಆಗೋದು) ಎಲ್ಲಾ ಇಲ್ಲ. ಕುವೆಂಪುನಗರದಿಂದ ಮೇಟಗಳ್ಳಿಗೆ ಡ್ಯೂಟಿ, ಮೆಟ್ರೊಪೋಲ್ ಸರ್ಕಲ್, ದಾಸಪ್ಪ ಸರ್ಕಲ್ ಕಡೆ ಸಿಗ್ನಲ್ ಟೈಮರ್ ನೋಡ್ಕೊಂಡು ಇಂಜಿನ್ ಆಫ್ ಮಾಡ್ತೀನಿ, ಪೆಟ್ರೋಲ್ ನೂರರ ಮೇಲಿರೋವಾಗ ಸುಮ್ನೆ ಯಾಕೆ ಸುಡೋದು ಅಂತ. ಈಗ ಸ್ವಲ್ಪ ದಿನದಿಂದ ಬೆಳಗ್ಗೆ ಸೆಲ್ಫ್ ಹೊಡೆದ್ರೆ ಗ್ರ್... ಗ್ರ್... ಅಂತ ಮುಕ್ಕರಿಸ್ತಾ ಇದೆ, ಗಡಿಯಾರ ಬೇರೆ ರೀಸೆಟ್ ಆಗುತ್ತೆ. ಒಮ್ಮೆ ಸ್ಟಾರ್ಟ್ ಆದ್ರೆ ಸಂಜೆವರೆಗೂ ಏನೂ ತೊಂದ್ರೆ ಇಲ್ಲ. ಗ್ಯಾರೇಜ್‌ನಲ್ಲಿ ತೋರಿಸಿದ್ರೆ ಸ್ಟಾರ್ಟರ್ ಮೋಟಾರ್ ಸವೆದಿದೆ ಬದಲಾಯಿಸಿ ಅಂದ್ರು. ಬ್ಯಾಟರಿ ಹಾಕ್ಸಿ ನಾಲ್ಕು ವರ್ಷ ಮೇಲಾಗಿದೆ. ಆಫ್ ಆನ್ ಮಾಡಿದ್ದಕ್ಕೇ ಹೀಗಾಯ್ತಾ?

ಮಂಡ್ಯ_ಹೈದ:
ಅಣ್ಣ ಸ್ಟಾರ್ಟರ್ ಈಗ್ಲೇ ಬಿಚ್ಚಿಸ್ಬೇಡಿ. ಸ್ಟಾರ್ಟರ್ ಸವೆದಿದ್ರೆ ಸಂಜೆನೂ ತೊಂದ್ರೆ ಕೊಡ್ಬೇಕಿತ್ತಲ್ವಾ, ಗಡಿಯಾರ ರೀಸೆಟ್ ಆಯ್ತಾ ಐತೆ ಅಂದ್ರೆ ವೋಲ್ಟೇಜ್ ಬೀಳ್ತಾ ಐತೆ ಅಂತ ಅರ್ಥ. ಒಂದು ಮಲ್ಟಿಮೀಟರ್ ಇಸ್ಕೊಂಡು ಬೆಳಗ್ಗೆ ಕೀ ಹಾಕೋಕ್ಮುಂಚೆ ಬ್ಯಾಟರಿ ಮೇಲೆ ಇಟ್ಟು ನೋಡಿ. 12.6 ವೋಲ್ಟ್ ಇದ್ರೆ ಫುಲ್, 12.2 ಅಂದ್ರೆ ಅರ್ಧ ಖಾಲಿ. ಸೆಲ್ಫ್ ಹೊಡಿಯೋವಾಗ 9.6ಕ್ಕಿಂತ ಕೆಳಗೆ ಇಳೀಬಾರ್ದು, ಸ್ಟಾರ್ಟ್ ಆದ್ಮೇಲೆ 13.8ರಿಂದ 14.4 ಒಳಗೆ ಇದ್ರೆ ಆಲ್ಟರ್ನೇಟರ್ (ಇಂಜಿನ್ ಓಡೋವಾಗ ಬ್ಯಾಟರಿ ಚಾರ್ಜ್ ಮಾಡೋದು) ಚೆನ್ನಾಗೈತೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ರೆ ಮೊದಲು ನೆಗೆಟಿವ್ ಬಿಚ್ಚಿ ಆಮೇಲೆ ಪಾಸಿಟಿವ್, ಬಿಸಿನೀರಲ್ಲಿ ತೊಳೆದು ಒರಸಿ ಹಾಕಿ. ಅರ್ಧ ಕೇಸು ಅಲ್ಲೇ ಮುಗೀತದೆ.

ಅದಿರ್ಲಿ, ಸಿಗ್ನಲ್‌ನಲ್ಲಿ ಆಫ್ ಮಾಡ್ದಾಗ ಲೈಟು, ಬ್ಲೋವರ್ ಎಲ್ಲಾ ಏನ್ಮಾಡ್ತೀರಾ?

ಕುವೆಂಪುನಗರ_ಡ್ರೈವರ್:
ಅವು ಹಂಗೇ ಇರುತ್ತೆ. ಕೀ ಒಂದು ಹಂತ ಮಾತ್ರ ಹಿಂದಕ್ಕೆ ತಿರುಗಿಸಿ ಆಫ್ ಮಾಡಿ ತಕ್ಷಣ ಆನ್‌ಗೆ ಇಡ್ತೀನಿ. ಸಂಜೆ ಬರೋ ಹೊತ್ತಿಗೆ ಕತ್ತಲೆ, ಹೆಡ್‌ಲೈಟ್ ಬೇಕಲ್ಲ, ಸೆಕೆಗೆ ಬ್ಲೋವರ್ ಬೇಕು.

ಲೆಕ್ಕದ_ಮೇಡಂ:
ಅಲ್ಲೇ ಇರೋದು ಸರ್ ವಿಷಯ, ಎಲ್ರೂ ಸೆಲ್ಫ್ ಹೊಡೆದು ಬ್ಯಾಟರಿ ಹಾಳಾಯ್ತು ಅಂತಾರೆ ಆದ್ರೆ ಲೆಕ್ಕ ಹಾಕಿ ನೋಡಿ. ಬಿಸಿ ಇರೋ ಸಣ್ಣ ಪೆಟ್ರೋಲ್ ಇಂಜಿನ್‌ಗೆ ಸೆಲ್ಫ್ ಸುಮಾರು 150 ಆಂಪ್ ಎಳೆದ್ರೂ ಒಂದು ಸೆಕೆಂಡಲ್ಲಿ ಮುಗೀತು, ಅಲ್ಲಿಗೆ 150 ಆಂಪ್-ಸೆಕೆಂಡ್. ಹೆಡ್‌ಲೈಟ್ ಎರಡೂ ಹ್ಯಾಲೊಜನ್ ಆದ್ರೆ ಸೇರಿ 9 ಆಂಪ್, ಬ್ಲೋವರ್ ಜೋರಾಗಿಟ್ರೆ ಇನ್ನೊಂದು 10, ಒಟ್ಟು 20ರ ಹತ್ರ. 90 ಸೆಕೆಂಡ್ ಸಿಗ್ನಲ್ ಅಂದ್ರೆ 1800. ಸೆಲ್ಫ್‌ಗಿಂತ ಹನ್ನೆರಡು ಪಟ್ಟು! ಆಮೇಲೆ ನಿಮ್ಮ ದಾರಿ ಚಿಕ್ಕದು, ಸಂಜೆ ಖರ್ಚಾಗಿದ್ದು ಮತ್ತೆ ತುಂಬೋಷ್ಟರಲ್ಲಿ ಮನೆ ಬಂದಿರುತ್ತೆ.

ಉಳಿತಾಯದ ಲೆಕ್ಕನೂ ಹೇಳ್ಬಿಡ್ತೀನಿ. ಈ ಸೈಜ್ ಇಂಜಿನ್ ನಿಂತಲ್ಲೇ ಓಡಿದ್ರೆ ಗಂಟೆಗೆ ಸುಮಾರು 0.6 ಲೀಟರ್ ಅಂದ್ಕೊಳಿ, ಎಸಿ ಇದ್ರೆ ಇನ್ನೂ ಜಾಸ್ತಿ. ನಿಮಿಷಕ್ಕೆ 10 ಮಿಲಿ, ಅಂದ್ರೆ ಒಂದು ರೂಪಾಯಿ ಮೇಲೆ. ದಿನಕ್ಕೆ ಹತ್ತು ನಿಮಿಷ ಉಳಿಸಿದ್ರೂ ತಿಂಗಳಿಗೆ 250 ಚಿಲ್ಲರೆ. ತೀರಾ ಕಮ್ಮಿ ಅಲ್ಲ, ಆದ್ರೆ ಬ್ಯಾಟರಿ ಒಂದು ವರ್ಷ ಮುಂಚೆ ಹೋದ್ರೆ ಅದ್ರಲ್ಲಿ ಎಷ್ಟೋ ತಿಂಗಳ ಉಳಿತಾಯ ಹೋಯ್ತು.

ಬೆಟ್ಟದ_ಪಾದ:
ನಾನು ಚಾಮುಂಡಿ ಬೆಟ್ಟದಿಂದ ಇಳಿಯೋವಾಗ್ಲೂ ಆಫ್ ಮಾಡಿ ನ್ಯೂಟ್ರಲ್‌ನಲ್ಲೇ ಬರ್ತೀನಿ ಗುರು, ಜೀರೋ ಪೆಟ್ರೋಲ್ 😄

ಮಂಡ್ಯ_ಹೈದ:
ದಯವಿಟ್ಟು ಬೇಡ ಮಾರಾಯ. ಇಂಜಿನ್ ಆಫ್ ಆದ್ರೆ ಬ್ರೇಕ್ ಪೆಡಲ್ ಹಗುರ ಮಾಡೋ ಬೂಸ್ಟರ್‌ನಲ್ಲಿರೋ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯೋಷ್ಟಕ್ಕೆ ಮಾತ್ರ, ಆಮೇಲೆ ಪೆಡಲ್ ಕಲ್ಲು. ಸ್ಟೀರಿಂಗೂ ಗಟ್ಟಿ ಆಗ್ತದೆ. ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟು ಇಳೀರಿ, ಫ್ಯೂಯಲ್ ಇಂಜೆಕ್ಷನ್ ಗಾಡಿ ಆಗ ತಾನೇ ಪೆಟ್ರೋಲ್ ಕಟ್ ಮಾಡ್ತದೆ. ಅದೇ ನಿಜವಾದ ಜೀರೋ. ಆಫ್ ಮಾಡೋದು ಗಾಡಿ ಪೂರ್ತಿ ನಿಂತ್ಮೇಲೆ, ಹ್ಯಾಂಡ್‌ಬ್ರೇಕ್ ಎಳೆದ್ಮೇಲೆ ಮಾತ್ರ.

ಕುವೆಂಪುನಗರ_ಡ್ರೈವರ್:
ಅಪ್‌ಡೇಟ್. ಬೆಳಗ್ಗೆ 12.1, ಸೆಲ್ಫ್ ಹೊಡೆದಾಗ 8.9, ಸ್ಟಾರ್ಟ್ ಆದ್ಮೇಲೆ 14.2. ಟರ್ಮಿನಲ್ ತೊಳೆದೆ, ಜಾಸ್ತಿ ವ್ಯತ್ಯಾಸ ಬರ್ಲಿಲ್ಲ. ಬ್ಯಾಟರಿ ಅಂಗಡೀಲಿ ಫುಲ್ ಚಾರ್ಜ್ ಮಾಡಿ ರಾತ್ರಿಯೆಲ್ಲಾ ಬಿಟ್ಟು ನೋಡಿದ್ರು, ಮತ್ತೆ 12.2ಕ್ಕೆ ಇಳಿದಿತ್ತು, ಜೋರಾಗಿ ಕರೆಂಟ್ ಎಳೆದು ನೋಡೋ ಲೋಡ್ ಟೆಸ್ಟ್‌ನಲ್ಲೂ ಫೇಲ್. ಹೊಸದು ಹಾಕಿಸ್ದೆ, ಈಗ ಒಂದೇ ಸಲಕ್ಕೆ ಸ್ಟಾರ್ಟ್, ಸ್ಟಾರ್ಟರ್ ಮುಟ್ಟಿಲ್ಲ. ಸಿಗ್ನಲ್‌ನಲ್ಲಿ ಈಗ್ಲೂ ಆಫ್ ಮಾಡ್ತೀನಿ, ಆದ್ರೆ ಟೈಮರ್ 30ಕ್ಕಿಂತ ಕಮ್ಮಿ ಇದ್ರೆ ಮುಟ್ಟಲ್ಲ, ಉಳಿದ ಕಡೆ ಬ್ಲೋವರ್ ಬಂದ್, ಹೆಡ್‌ಲೈಟ್ ಇಳಿಸಿ ಪಾರ್ಕಿಂಗ್ ಲೈಟು. ಮುಂದಿನ ಗಾಡಿಗಳು ಕದಲೋಕ್ಮುಂಚೆ ಐದು ಸೆಕೆಂಡ್ ಇರೋವಾಗ್ಲೇ ಸ್ಟಾರ್ಟ್ ಮಾಡ್ಕೊಳ್ತೀನಿ, ಇಲ್ಲಾಂದ್ರೆ ಹಿಂದಿನ ಆಟೋದವ್ರು ಹಾರ್ನ್‌ನಲ್ಲೇ ಪುರಾಣ ಹೇಳ್ತಾರೆ.

ಹೊಸಬ_ಹೆಬ್ಬಾಳ:
ಒಂದು ಡೌಟ್, ನಂದು ಆಟೋ ಸ್ಟಾರ್ಟ್-ಸ್ಟಾಪ್ ಇರೋ ಗಾಡಿ, ಎಷ್ಟೋ ಸಲ ಸಿಗ್ನಲ್‌ನಲ್ಲಿ ಆಫೇ ಆಗಲ್ಲ. ಕೆಟ್ಟಿದ್ಯಾ?

ಲೆಕ್ಕದ_ಮೇಡಂ:
ಕೆಟ್ಟಿದೆ ಅಂತ ಹೇಳೋಕಾಗಲ್ಲ. ಇಂಜಿನ್ ಇನ್ನೂ ಬಿಸಿ ಆಗದಿದ್ರೆ, ಎಸಿಗೆ ಲೋಡ್ ಜಾಸ್ತಿ ಇದ್ರೆ, ಬ್ಯಾಟರಿ ಚಾರ್ಜ್ ಕಮ್ಮಿ ಇದ್ರೆ ಅದು ಬೇಕಂತಲೇ ಆಫ್ ಮಾಡಲ್ಲ. ಎಸಿ ಬಂದ್ ಮಾಡಿ, ಒಂದು ಅರ್ಧ ಗಂಟೆ ರಿಂಗ್ ರೋಡಲ್ಲಿ ಓಡಿಸಿದ್ಮೇಲೂ ಆಫ್ ಆಗ್ಲಿಲ್ಲ ಅಂದ್ರೆ ಬ್ಯಾಟರಿ ಚೆಕ್ ಮಾಡ್ಸಿ. ಬದಲಾಯಿಸೋದಾದ್ರೆ ಇಎಫ್‌ಬಿ ಅಥವಾ ಎಜಿಎಂ (ಎರಡೂ ಸ್ಟಾರ್ಟ್-ಸ್ಟಾಪ್ ಗಾಡಿಗೆ ಅಂತಾನೇ ಇರೋ ಬ್ಯಾಟರಿ ಥರ), ಹಳೇದ್ರಲ್ಲಿ ಯಾವ್ದಿತ್ತೋ ಅದೇ ಹಾಕ್ಸಿ, ಮಾಮೂಲಿ ಬ್ಯಾಟರಿ ಕಮ್ಮಿ ರೇಟಿಗೆ ಸಿಗುತ್ತೆ ಅಂತ ತುರುಕಿದ್ರೆ ಇಷ್ಟೊಂದು ಸಲ ಸ್ಟಾರ್ಟ್ ಮಾಡೋದನ್ನ ಅದು ತಡೆಯಲ್ಲ.